ಬಲಿಪೀಠದ ಕೆಳಗಿನ ಬಚ್ಚಲುಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 1988ರ ಏಪ್ರಿಲ್‌ನಲ್ಲಿ, ಒಂದು ಕೋಣೆಯೊಳಗೆ ಕಾಲಿಡದೆ, ಬಾಗಿಲಲ್ಲೇ ನಿಂತು ಇಣುಕಿ, ಅದನ್ನು ಒಡೆಯಬಹುದು ಎಂದು ವರದಿ ಬರೆದವನು ನಾನು. ಬರೆದಂತೆ ಒಡೆದಿದ್ದರೆ ಒಂದು ಚರ್ಚಿನ ಬಲಿಪೀಠ, ಅದರ ಮುಂದೆ ನಿಂತ ಪಾಸ್ಟರ್ ಸಮೇತ, ಬೇಸ್‌ಮೆಂಟಿಗೆ ಇಳಿದಿರುತ್ತಿತ್ತು. ಇಂಥ ಅನುಭವಗಳನ್ನು ಬರೆಯುವವರು ಸಾಮಾನ್ಯವಾಗಿ ಅಣೆಕಟ್ಟು, ಸೇತುವೆ ಕಟ್ಟಿ ನಿವೃತ್ತರಾದವರು. ನನಗೆ ನಿವೃತ್ತಿಗೆ ಇನ್ನೂ ಮೂವತ್ತು ವರ್ಷವಿದೆ; ಕಟ್ಟಿದ್ದು ಹೇಳಿಕೊಳ್ಳುವಷ್ಟಿಲ್ಲ, ಕೆಡವಲು ಹೊರಟದ್ದನ್ನೇ ಹೇಳುತ್ತೇನೆ.

ಆಗ ನನಗೆ ಇಪ್ಪತ್ತಾರು. ಮ್ಯಾನ್‌ಹಟನ್ನಿಗೆ ಹತ್ತಿರದ ಪಾರ್ಸಿಪನಿ ಊರಿನ ಒಂದು ಸಣ್ಣ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಕಚೇರಿಯಲ್ಲಿ ಕೆಲಸ. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ, ಯಾವುದು ಉಳಿಯುತ್ತದೆ, ಯಾವುದನ್ನು ತೆಗೆಯಬೇಕು ಎಂದು ಬರೆದುಕೊಡುವುದು. ಯಜಮಾನರು ಹಾಸನದ ಮೂರ್ತಿ ಸರ್. ಅಲ್ಲಿ ನನಗೆ ಸಂಬಳವಿಲ್ಲದ ಇನ್ನೊಂದು ಹುದ್ದೆಯೂ ಇತ್ತು: ಲಂಚ್ ಹೊತ್ತಿನ ಮಿಮಿಕ್ರಿ. ಮೂರ್ತಿ ಸರ್ ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ತಡಕುವುದನ್ನು ಅವರೆದುರಿಗೇ ಮಾಡಿ ತೋರಿಸುತ್ತಿದ್ದೆ. ಅವರೂ ನಗುತ್ತಿದ್ದರು, ತಡಕುತ್ತಲೇ.

ಆ ಚರ್ಚು ನಮ್ಮ ಕಚೇರಿಯಿಂದ ಮುಕ್ಕಾಲು ಗಂಟೆಯ ಡ್ರೈವ್. ಫಿನ್‌ಲೆಂಡಿನಿಂದ ಬಂದ ಬಡಗಿಗಳೂ ಮ್ಯಾನ್‌ಹಟನ್ನಿನ ಶ್ರೀಮಂತರ ಮನೆಗಳಲ್ಲಿ ಅಡುಗೆಗಿದ್ದ ಅವರ ಹೆಂಗಸರೂ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೇರಿಸಿದ ಲೂಥರನ್ ಪಂಥದ ಸಭೆ ಅದು. ನಾನು ಹೋದಾಗ ಸದಸ್ಯರು ಮೂವತ್ತು ಚಿಲ್ಲರೆ. ಪೂಜೆ ಇಂಗ್ಲಿಷಿನಲ್ಲಿ, ಕೊನೆಯ ಹಾಡೊಂದು ಮಾತ್ರ ಫಿನ್ನಿಷ್‌ನಲ್ಲಿ. ಪಾಸ್ಟರ್ ಸಭೆಯ ವಾರ್ಷಿಕೋತ್ಸವಕ್ಕೆ ಒಂದು ಇತಿಹಾಸ ಪುಸ್ತಿಕೆ ಬರೆಯುತ್ತಿದ್ದರು. ಅಷ್ಟರಲ್ಲಿ ಬಲಿಪೀಠದ ಕೆಳಗಿನ ಮರದ ನೆಲ ಎರಡು ಇಂಚು ಕುಸಿಯಿತು. ಜೂನ್ ಒಳಗೆ ದುರಸ್ತಿಯಾಗದಿದ್ದರೆ ಕಟ್ಟಡಕ್ಕೆ ಬೀಗ ಎಂದು ಟೌನ್ ಇನ್ಸ್‌ಪೆಕ್ಟರ್ ನೋಟಿಸ್ ಅಂಟಿಸಿದ. ಹಾಗಾಗಿ ನಾನು.

ಬೀಗದ ಕೈ ಇದ್ದದ್ದು ಐನೋ ಎಂಬ ಎಂಬತ್ತರ ಮುದುಕಿಯ ಹತ್ತಿರ. ಹೆಸರು ಹಿಡಿದು ಕರಿ ಅಂದರು. ಮೈಸೂರಿನ ಬಾಯಿಗೆ ಅದು ಬರಲಿಲ್ಲ. "ಐನೋ ಆಂಟಿ" ಅಂದೆ.

ಆಕೆ ಯೋಚಿಸಿ, "ನನಗೆ ಒಡಹುಟ್ಟಿದವರೇ ಇಲ್ಲ. ಆದ್ರೂ ಇರಲಿ" ಅಂದರು.

ಆಂಟಿಯ ಮಾತಿಗಿಂತ ಮೌನ ಉದ್ದ. 'ಹೂಂ' ಅನ್ನುವುದನ್ನು ಅವರು ಉಸಿರು ಒಳಗೆಳೆದುಕೊಂಡು ಅನ್ನುತ್ತಿದ್ದರು, ಬಿಸಿ ಕಾಫಿ ನಾಲಿಗೆಗೆ ತಾಗಿದವರ ಹಾಗೆ. ಕಾರು ಇಳಿದು ಹತ್ತು ನಿಮಿಷದೊಳಗೆ ಅದನ್ನು ನಾನು ಕಲಿತೆ. ಬಂದ ಕೆಲಸವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಚರ್ಚು ನಿಂತಿರುವುದು ಇಳಿಜಾರಿನಲ್ಲಿ. ಹಿಂದಿನಿಂದ ನೇರ ಬೇಸ್‌ಮೆಂಟಿಗೆ ಬಾಗಿಲು. ಅಲ್ಲಿ, ಸರಿಯಾಗಿ ಬಲಿಪೀಠದ ಕೆಳಗೆ, ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಕತ್ತಲ ಕೋಣೆ: ಸೌನಾ. ಮೂಲೆಯಲ್ಲಿ ಕಟ್ಟಿಗೆ ಒಲೆ, ಅದರ ಮೇಲೆ ರಾಶಿ ಕಲ್ಲು. ಕಲ್ಲು ಕಾದಾಗ ನೀರು ಎರಚಿ, ಏಳುವ ಹಬೆಯಲ್ಲಿ ಬೆವರಿ ಸ್ನಾನ. ಪ್ರತಿ ಶನಿವಾರ ಒಲೆ ಹಚ್ಚುತ್ತಿದ್ದವರು ಐನೋ ಆಂಟಿಯೇ.

ನನಗೆ ತಲೆ ಕೆಟ್ಟಿತು. ದೇವರ ಮನೆಯ ಗೋಡೆಯ ಆಚೆ ಬದಿಗೂ ಒದ್ದೆ ಬಟ್ಟೆ ಒಣಹಾಕಲು ಬಿಡದ ಅಜ್ಜಿ ಬೆಳೆಸಿದ ಮೊಮ್ಮಗ ನಾನು. ದೇವರ ಪಾದದ ಕೆಳಗೇ ಬಚ್ಚಲೇ? ಯಾವ ಭಕ್ತನೂ ಹೀಗೆ ಕಟ್ಟಲಾರ. ಮೊದಲು ಚರ್ಚು ಕಟ್ಟಿದ್ದಾರೆ, ಆಮೇಲೆ ಯಾರೋ ಸೋಮಾರಿಗಳು ಚಳಿಗೆ ಇದನ್ನು ತುರುಕಿದ್ದಾರೆ. ತೇವ ಬಂದದ್ದೂ ಇಲ್ಲಿಂದಲೇ. ಲೆಕ್ಕ ಮುಗಿಯಿತು.

"ಶೂ ಬಿಚ್ಚಿ ಒಳಗೆ ಬಾ" ಅಂದರು ಆಂಟಿ.

"ಪರವಾಗಿಲ್ಲ, ಇಲ್ಲಿಂದಲೇ ಕಾಣುತ್ತೆ" ಅಂದೆ. ನನ್ನ ಬೂಟಿನ ಲೇಸು ಉದ್ದ.

ವರದಿಯಲ್ಲಿ ಬರೆದೆ: ಬೇಸ್‌ಮೆಂಟಿನ ಸ್ನಾನದ ಕೋಣೆ ನಂತರ ಸೇರಿಸಿದ್ದು; ಲೋಡ್ ಬೇರಿಂಗ್ ಅಲ್ಲ, ಅಂದರೆ ಮೇಲಿನ ಭಾರ ಅದರ ಮೇಲಿಲ್ಲ; ತೇವದ ಮೂಲವಾದ್ದರಿಂದ ತೆಗೆಯತಕ್ಕದ್ದು. ಸೈನ್ ಹಾಕುವ ಮುಂಚೆ ಮೂರ್ತಿ ಸರ್, "ಒಳಗೆ ಹೋಗಿ ನೋಡಿದ್ಯೇನಯ್ಯಾ?" ಅಂದರು. ನಾನು ಐನೋ ಆಂಟಿಯ ಹಾಗೆ ಉಸಿರು ಒಳಗೆಳೆದು 'ಹೂಂ' ಅಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಾಗೇ ಸೈನ್ ಹಾಕಿದರು.

ಎರಡು ವಾರದ ಮೇಲೆ ಒಂದು ಗುರುವಾರ ಐನೋ ಆಂಟಿಯ ಫೋನು. ಸೋಮವಾರ ಕಾಂಟ್ರಾಕ್ಟರ್ ಸೌನಾ ಒಡೆಯಲು ಬರುವವನಿದ್ದ.

"ನಿನ್ನ ಕಾಗದ ಓದಿದೆ. ನಂತರ ಸೇರಿಸಿದ್ದು ಅಂತ ಬರೆದಿದ್ದೀಯ." ಲೈನ್ ಹೋಯಿತು ಅಂದುಕೊಂಡೆ. "ಯಾವುದರ ನಂತರ?"

ನಾನು ಮೇಜಿನ ಮೇಲೆ ವರದಿಯ ಪ್ರತಿ ಹುಡುಕತೊಡಗಿದೆ.

"ಶನಿವಾರ ಬಾ. ಟವೆಲ್ ತಗೊಂಡು ಬಾ."

ವಿಷಯ ಕೇಳಿ ಮೂರ್ತಿ ಸರ್ ತಾವೂ ಹೊರಟರು. ಹೀಗೆ ಹಾಸನದ ಒಬ್ಬರು, ಮೈಸೂರಿನ ಒಬ್ಬ, ಸೊಂಟಕ್ಕೆ ಟವೆಲ್ ಸುತ್ತಿ, ಒಬ್ಬರ ಕೈಯಲ್ಲಿ ಟಾರ್ಚು, ಇನ್ನೊಬ್ಬನ ಕೈಯಲ್ಲಿ ಮಾಯಿಶ್ಚರ್ ಮೀಟರ್ ಹಿಡಿದು ಸೌನಾ ಹೊಕ್ಕೆವು. ಈ ಮೀಟರಿನ ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿದರೆ ಅದರಲ್ಲಿ ನೀರಿನಂಶ ಶೇಕಡಾ ಎಷ್ಟು ಎಂದು ತೋರಿಸುತ್ತದೆ. ಆಂಟಿ ಬೆಳಿಗ್ಗೆಯೇ ಒಲೆ ಹಚ್ಚಿ, ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಶಾಖಕ್ಕೆ ಮೂರ್ತಿ ಸರ್ ಕನ್ನಡಕ ಮಂಜಾಯಿತು. ಅದನ್ನು ಒರೆಸಿ ಮೇಲೆ ಟಾರ್ಚು ಹಾಕಿದವರು ಹಾಗೇ ನಿಂತುಬಿಟ್ಟರು.

"ರಘು, ಮೇಲೆ ನೋಡೋ."

ಬಲಿಪೀಠದ ನೆಲವನ್ನು ಹೊತ್ತ ಹನ್ನೆರಡು ಇಂಚಿನ ತೊಲೆ ನೇರ ಬಂದು ಸೌನಾದ ದಿಮ್ಮಿಗೋಡೆಯ ಮೇಲೆ ಕೂತಿತ್ತು. ತೊಲೆ ಕೂರಲೆಂದೇ ದಿಮ್ಮಿಯಲ್ಲಿ ಅಚ್ಚುಕಟ್ಟಾಗಿ ಕಚ್ಚು ಕೊರೆದಿದ್ದರು. ಕಚ್ಚಿನ ಕೆಳಗೆ ದಿಮ್ಮಿಯೆಲ್ಲ ಹೊಗೆ ಹಿಡಿದು ಕಪ್ಪು. ಕೊರೆದ ಜಾಗ ಮಾತ್ರ ಇನ್ನೂ ಕಂದು. ಅಂದರೆ ದಿಮ್ಮಿ ಕಪ್ಪಾದದ್ದು ಒಲೆಗೆ ಹೊಗೆಕೊಳವೆ ಹಾಕುವ ಮುಂಚೆ, ಕಚ್ಚು ಕೊರೆದದ್ದು ಹಾಕಿದ ಮೇಲೆ; ಚರ್ಚಿನ ತೊಲೆ ಬರುವ ಮುಂಚೆಯೇ ಇಲ್ಲಿ ಒಲೆ ಉರಿದಿತ್ತು. ನಂತರ ಸೇರಿಸಿದ್ದು ಚರ್ಚನ್ನೇ.

ಮೀಟರ್ ಚುಚ್ಚಿದೆ. ಸೌನಾದ ದಿಮ್ಮಿ ಶೇಕಡಾ ಒಂಬತ್ತು, ಕಡ್ಡಿಪೆಟ್ಟಿಗೆಯಷ್ಟು ಒಣ. ಬೇಸ್‌ಮೆಂಟಿನ ಇನ್ನೊಂದು ತುದಿಯಲ್ಲಿ, ಅದೇ ತೊಲೆಯ ಆಚೆ ಕೊನೆ ಇಪ್ಪತ್ತೆಂಟು, ಕೈಯಲ್ಲಿ ಚಿವುಟಿದರೆ ಕಿತ್ತು ಬರುವಷ್ಟು ಕೊಳೆತಿತ್ತು. ಆ ಗೋಡೆಯ ಹೊರಗೆ ಸೂರಿನ ನೀರಿಳಿಸುವ ಪೈಪ್ ಒಡೆದು, ನೀರೆಲ್ಲ ಗೋಡೆಯೊಳಗೇ ಹೋಗುತ್ತಿತ್ತು. ಪೈಪನ್ನು ನಾನು ಮೊದಲ ದಿನವೇ ನೋಡಬಹುದಾಗಿತ್ತು. ನನ್ನ ಕಾರು ನಿಲ್ಲಿಸಿದ್ದೇ ಅದರ ಪಕ್ಕದಲ್ಲಿ. ಆ ತೊಲೆಯ ಈ ತುದಿಯನ್ನು ಇಷ್ಟು ವರ್ಷ ಒಣಗಿಸಿ ಉಳಿಸಿದ್ದು ಶನಿವಾರದ ಒಲೆ.

"ನಗಿಸಿ ಸೈನ್ ಹಾಕಿಸ್ಕೊಂಡ್ಯಲ್ಲೋ" ಅಂದರು ಮೂರ್ತಿ ಸರ್. ಬೈಯಲಿಲ್ಲ. ಟವೆಲಿನಲ್ಲಿ ನಿಂತವರು ಬೈದರೆ ಎಷ್ಟು ನಾಟೀತು ಎಂದು ಅವರಿಗೂ ಅನ್ನಿಸಿರಬೇಕು. "ಇನ್ಮೇಲೆ ಒಳಗೆ ಹೋಗದೇ ಇರೋ ಕೋಣೆ ಬಗ್ಗೆ ಒಂದಕ್ಷರ ಬರೀಬೇಡ. ನಾನು ನಗಲಿ, ಅಳಲಿ."

ಹೊರಗೆ ಆಂಟಿ ಕಾಫಿಯೊಂದಿಗೆ ಉಳಿದದ್ದನ್ನು ಹೇಳಿದರು. ಬಡಗಿಗಳು ಈ ಜಾಗಕ್ಕೆ ಬಂದು ಮೊದಲು ಕಟ್ಟಿದ್ದು ಸೌನಾ. ಅದರಲ್ಲೇ ಮಲಗಿದರು, ಭಾನುವಾರ ಅದರಲ್ಲೇ ಪ್ರಾರ್ಥನೆ ಮಾಡಿದರು. ಐನೋಗೆ ನಾಲ್ಕು ವರ್ಷವಾದಾಗ ಅದರ ಮೇಲೆ ಚರ್ಚು ಎದ್ದಿತು. "ಇದನ್ನ ನೀವು ಮೊದಲ ದಿನವೇ ಹೇಳಬಹುದಿತ್ತಲ್ಲ, ಆಂಟಿ" ಅಂದೆ.

"ನೀನು ಕೇಳಲಿಲ್ಲ. ನೀನೇ ಮಾತಾಡ್ತಿದ್ದೆ."

ಮಾರನೆಯ ದಿನ ಭಾನುವಾರ. ಪೂಜೆ ಮುಗಿದ ಮೇಲೆ, ಏಲಕ್ಕಿ ಹಾಕಿದ ಬ್ರೆಡ್ಡು ಹಂಚುತ್ತಿರುವಾಗ, ಎದ್ದು ನಿಂತು ನನ್ನ ವರದಿ ತಪ್ಪು ಎಂದು ಹೇಳಿದೆ. ಕಾಂಟ್ರಾಕ್ಟರನನ್ನು ನಿಲ್ಲಿಸಲು ಪಾಸ್ಟರ್ ಒಪ್ಪಿದರು. ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಸಮಿತಿಯ ಡೆನಿಸ್, ಆ ಬಡಗಿಗಳಲ್ಲೇ ಒಬ್ಬನ ಮೊಮ್ಮಗ, ಕೈ ಎತ್ತಿದ.

"ಗೋಡೆ ಬದಲು ಸ್ಟೀಲ್ ಕಂಬ ಕೊಟ್ರೆ ತೊಲೆ ನಿಲ್ಲುತ್ತೋ ಇಲ್ವೋ?"

ಸುಳ್ಳು ಹೇಳುವ ಹಾಗಿರಲಿಲ್ಲ. "ನಿಲ್ಲುತ್ತೆ" ಅಂದೆ.

"ಹಾಗಾದ್ರೆ ತೆಗೆಯೋಣ. ಮಕ್ಕಳ ಸಂಡೇ ಸ್ಕೂಲಿಗೆ ಜಾಗ ಬೇಕು. ಇತಿಹಾಸದ ಪುಸ್ತಕದಲ್ಲಿ ನಮ್ಮ ಸಭೆ ಬಚ್ಚಲಲ್ಲಿ ಶುರುವಾಯ್ತು ಅಂತ ಅಚ್ಚು ಹಾಕಿಸ್ತೀರಾ? ಕೊನೆಗೂ ಇದು ಚರ್ಚು, ಸ್ನಾನದ ಮನೆ ಅಲ್ಲ."

ಹಲವರು ಹೌದೆಂದು ತಲೆಯಾಡಿಸಿದರು. ನನ್ನ ಅಜ್ಜಿ ಅಲ್ಲಿದ್ದಿದ್ದರೆ ಅವಳೂ ಆಡಿಸುತ್ತಿದ್ದಳು. ಪಾಸ್ಟರ್ ವೋಟಿಗೆ ಹಾಕೋಣ ಅಂದರು. ಐನೋ ಆಂಟಿ ಉಸಿರು ಒಳಗೆಳೆದುಕೊಂಡರು. ಅದು 'ಹೂಂ' ಎಂದು ತಿಳಿದು, ಅವರೂ ಒಪ್ಪಿಬಿಟ್ಟರು ಅಂದುಕೊಂಡೆ. ಆದರೆ ಅವರು ಮಾತಾಡಲೆಂದು ಉಸಿರು ತೆಗೆದುಕೊಂಡದ್ದು.

ಈಗ ನಾಲ್ಕು ವರ್ಷವಾಯಿತು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಬೂಟಿನ ಲೇಸು ಬಿಚ್ಚುತ್ತೇನೆ. ಏನನ್ನು ಒಡೆಯಿರಿ ಎಂದು ಬರೆಯುವ ಮುಂಚೆಯೂ, ಅದು ಯಾರಿಗೆ ಏನಾಗಿತ್ತು ಎಂದು ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿರುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ಯಾರ ಧ್ವನಿ ಕೇಳಿದರೂ ಮಾಡಿ ತೋರಿಸುತ್ತೇನೆ, ಡೆನಿಸನದ್ದೂ ಸೇರಿ. ಐನೋ ಆಂಟಿ ಅಂದು ಹೇಳಿದ್ದನ್ನು ಮಾತ್ರ ಒಮ್ಮೆಯೂ ಮಾಡಲು ಹೋಗಿಲ್ಲ. ಆ ಮಾತಿನ ಮೇಲೆ ಯಾರೂ ಕೈ ಎತ್ತಲಿಲ್ಲ; ವೋಟೇ ನಡೆಯಲಿಲ್ಲ, ಸೌನಾ ಉಳಿಯಿತು. ಆಕೆ ಕೂತಲ್ಲಿಂದ ಏಳಲೂ ಇಲ್ಲ:

"ಡೆನಿಸ್, ನಾನು ಹುಟ್ಟಿದ ದಿನ ನನ್ನನ್ನ ತೊಳೆದಿದ್ದು ಅಲ್ಲಿ. ನಮ್ಮಮ್ಮ ಸತ್ತ ದಿನ ನಾನು ಅವಳನ್ನ ತೊಳೆದಿದ್ದೂ ಅಲ್ಲೇ. ಮೇಲ್ಗಡೆ ನಾವು ಬರೀ ಕೂತ್ಕೋತೀವಿ."