ಹಸಿರಿನ ಹಿಂದೆ ಹೋದ ನಕ್ಷೆ

ನಮ್ಮ ಬಲೆಗೆ ಬೂತಾಯಿ ಮೀನು ಯಾಕೆ ಬೀಳುತ್ತಿಲ್ಲ ಎಂದು ಕೇಳಲು ಮಲ್ಪೆಯ ದೋಣಿಯವರೆಲ್ಲ ಸೇರಿ ನನ್ನನ್ನು ಹೈದರಾಬಾದಿಗೆ ಕಳಿಸಿದ್ದರು, ಕಡಲೇ ಇಲ್ಲದ ಊರಿಗೆ. ಅಲ್ಲಿನ ಕೊಂಡಾಪುರ ಬಡಾವಣೆಯ ಒಂದು ಕಚೇರಿಯಲ್ಲಿ ಉಪಗ್ರಹದ ಚಿತ್ರ ನೋಡಿ ಕಡಲಿನ ಸಮಾಚಾರ ಹೇಳುತ್ತಾರೆ. ಒಳಗಿನ ಎ.ಸಿ.ಗೆ ನನ್ನ ಹಲ್ಲು ಕಟಕಟಿಸುತ್ತಿದ್ದವು. ಇದರಲ್ಲಿ ಕಾಲು ಭಾಗ ತಂಪು ನಮ್ಮ ನೀರಿಗೆ ಸಿಕ್ಕಿದ್ದರೆ ನಾನು ಇಷ್ಟು ದೂರ ಬರುವ ಕೆಲಸವೇ ಇರಲಿಲ್ಲ.

ಅಲ್ಲಿ ಕೆಲಸ ಮಾಡುವ ಶಿವಲೀಲಾ ವಿಜಯಪುರದ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ಹಿಗ್ಗಿ, ಗೋಡೆಯ ದೊಡ್ಡ ಪರದೆಯ ಹತ್ತಿರ ಕರೆದೊಯ್ದರು. ಅದರಲ್ಲಿ ಪಶ್ಚಿಮ ಕರಾವಳಿಯ ನಕ್ಷೆ; ನೀಲಿ ನೀರಿನ ನಡುವೆ ಒಂದು ಹಸಿರು ಮಚ್ಚೆಯಿತ್ತು.

“ಇದು ಪ್ಲ್ಯಾಂಕ್ಟನ್ ರೀ. ಕಣ್ಣಿಗೆ ಕಾಣದಂಥ ಸಣ್ಣ ಜೀವ. ನಿಮ್ಮ ಮೀನಿಗೆ ಇದೇ ಊಟ. ನೀರು ಕಾದಂಗ ಇದು ಉತ್ತರಕ್ಕ ಸರಿಯಾಕತ್ತೈತಿ. ಮೀನೂ ಅದರ ಬೆನ್ನ ಹತ್ಯಾವ್ರಿ.”

“ಸರಿದದ್ದು ಎಲ್ಲಿ ಮೇಡಂ? ಸರೀ ಮಧ್ಯದಲ್ಲೇ ಉಂಟಲ್ಲ?”

“ಅದು ಸರದಂಗ ನಾವು ನಕ್ಷಾನೂ ಸರಸ್ತೀವ್ರಿ. ನೋಡಾಕ ಬರೋ ಸಾಹೇಬ್ರಿಗೆ ಹಸಿರು ಎದುರಿಗೇ ಕಾಣಬೇಕಲ್ರಿ.”

ನಾನು ಮಲ್ಪೆಯನ್ನು ಹುಡುಕಿದೆ. ಪರದೆಯ ಕೆಳ ಅಂಚಿಗೆ ಕಾರವಾರ ಹೇಗೋ ಅಂಟಿಕೊಂಡಿತ್ತು. ಅದರ ಕೆಳಗೆ ಬರೀ ಗೋಡೆ.

ನನ್ನ ಮುಖ ನೋಡಿ ಶಿವಲೀಲಾಗೆ ಪಾಪ ಅನ್ನಿಸಿರಬೇಕು. ಬಗ್ಗಿ, ಗೋಡೆಯ ಮೇಲೆ ಬೆರಳಿಟ್ಟು, “ನಿಮ್ಮೂರು ಇಲ್ಲಿ ಬರ್ತೈತಿ ನೋಡ್ರಿ” ಎಂದರು.

ಅಲ್ಲೊಂದು ಪ್ಲಗ್ ಇತ್ತು. ಯಾರದೋ ಮೊಬೈಲು ಚಾರ್ಜ್ ಆಗುತ್ತಿತ್ತು.