ಜೋಡಿಯ ಜೊತೆ ಹೋದ ಸೀಸೆ

ಗುಂಡ್ಲುಪೇಟೆಯಲ್ಲಿ ಪಾರಿವಾಳದ ಮೈಮುನಾ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಹಗಲೆಲ್ಲ ಕುತ್ತಿಗೆಗೆ ಟೇಪು ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಸಂಜೆಯಾದರೆ ಮಹಡಿ ಹತ್ತಿ ಲಕ್ಕಾ ಪಾರಿವಾಳಗಳ ಜೊತೆ ಕೂರುತ್ತಾಳೆ. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು ಓಡಾಡುವ ಜಾತಿ ಅದು. ಐವತ್ತು ದಾಟಿದ ಮೇಲೆ ಇದೇನು ಹುಚ್ಚು ಎಂದು ನಾನೂ ರೇಗಿಸಿದ್ದೇನೆ. ನಾನು ರಾಜಣ್ಣ, ದನದಾಸ್ಪತ್ರೆಯಲ್ಲಿ ಔಷಧಿ ಕೊಡುವವನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು.

ಜೋಡಿ ಹಕ್ಕಿ ಮಾರಿದರೆ ಮೈಮುನಾ ಹಾಗೇ ಕಳಿಸುವವಳಲ್ಲ. ಕಣ್ಣಿಗೆ ಹಾಕುವ ಹನಿಯ ಖಾಲಿ ಸೀಸೆಯನ್ನು ಬಿಸಿನೀರಲ್ಲಿ ತೊಳೆದು, ಜಂತುಹುಳದ ಔಷಧಿ ತುಂಬಿ, ರವಿಕೆಯ ಚೂರುಬಟ್ಟೆಯಲ್ಲಿ ಸುತ್ತಿ ಕೊಡುತ್ತಾಳೆ. "ಮಗಳ್ನ ಕಳಿಸ್ವಾಗ ಮಡ್ಲು ತುಂಬ್ದೆ ಕಳಿಸ್ತಾರಾ ಅಣ್ಣ?" ಅನ್ನುತ್ತಾಳೆ.

ಆ ಔಷಧಿ ಕೊಟ್ಟವನು ನಾನು. ಈ ಬೇಸಿಗೆಯಲ್ಲಿ ಕುರಿಗೆ ಕುಡಿಸುವ ಬಾಟಲಿಯೊಂದನ್ನು ಆಕೆಯ ಕೈಗಿಟ್ಟು, "ಕುರಿಗೆ ಆಗೋದು ಹಕ್ಕಿಗೆ ಆಗಲ್ವಾ? ಎರಡ್ ಹನಿ ಬುಡು, ಐದು ದಿನ" ಅಂದಿದ್ದೆ. ಡಾಕ್ಟರನ್ನು ಕೇಳಲಿಲ್ಲ. ಮೂವತ್ತು ವರ್ಷದ ಸರ್ವಿಸ್ ಆದವನು ಯಾರನ್ನು ಕೇಳಬೇಕು ಎಂಬ ಜಂಬ.

ಶ್ರಾವಣದ ಒಂದು ಸೋಮವಾರ ಆಕೆ ರಟ್ಟಿನ ಡಬ್ಬಿ ಹಿಡಿದು ಆಸ್ಪತ್ರೆಗೆ ಬಂದಳು. ಒಳಗೆ ಮೂರು ಬಿಳಿ ಹಕ್ಕಿ ಸತ್ತುಬಿದ್ದಿದ್ದವು. ಹೊಸದಾಗಿ ಬಂದಿದ್ದ ಡಾಕ್ಟರ್ ಸಿಂಧು ಒಂದರ ರೆಕ್ಕೆ ಬಿಡಿಸಿ, ಸೊಟ್ಟಸೊಟ್ಟಗೆ ಮೂಡಿದ್ದ ಹೊಸ ಗರಿಗಳನ್ನು ನೋಡಿ, "ಏನಾದ್ರೂ ಔಷಧಿ ಹಾಕಿದ್ರಾ ಅಮ್ಮ?" ಎಂದರು. ಮೈಮುನಾ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ಕುರಿಗೆ ಒಳ್ಳೇದು. ಪಾರಿವಾಳಕ್ಕೆ ಆಗಿಬರಲ್ಲ, ಹೊಸ ಗರಿ ಹೀಗೇ ಸೊಟ್ಟಗಾಗ್ತವೆ," ಎಂದು ಡಾಕ್ಟರ್ ಒಂದು ಫಾರಂ ತೆಗೆದರು. ಔಷಧಿಯಿಂದ ಪ್ರಾಣಿಗೆ ತೊಂದರೆಯಾದರೆ ಮೇಲಿನವರಿಗೆ ತಿಳಿಸುವ ಫಾರಂ. ಯಾವ ಔಷಧಿ, ಬ್ಯಾಚ್ ನಂಬರ್ ಏನು, ಎಷ್ಟು ಹನಿ, ಸತ್ತವೆಷ್ಟು. ಕೊನೆಯ ಸಾಲಿನಲ್ಲಿ, ಕೊಡಲು ಹೇಳಿದವರು ಯಾರು. "ಯಾರನ್ನೂ ಬೈಯೋಕಲ್ಲ ಅಮ್ಮ. ಬರೆದು ತಿಳಿಸಿದ್ರೆ ಇನ್ನೊಂದೂರಲ್ಲಿ ಇನ್ನೊಬ್ಬರ ಹಕ್ಕಿ ಉಳೀತದೆ," ಎಂದರು.

ಮೈಮುನಾ ನನ್ನ ಕಡೆ ತಿರುಗಲೂ ಇಲ್ಲ. ಮನೆಯಲ್ಲಿ ತುಂಬಿ ತರುತ್ತೇನೆಂದು ಫಾರಂ ಮಡಿಸಿಕೊಂಡಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ ನನ್ನದು. ಗೇಟಿನ ಹತ್ತಿರ ಆಕೆಯನ್ನು ಹಿಡಿದು ರೇಗಿದೆ. "ಹಕ್ಕಿ ಅಂದ್ಮೇಲೆ ಸಾಯ್ತವೆ ಕಣಮ್ಮ. ಅದ್ಕೆಲ್ಲ ಫಾರಂ ಯಾಕೆ?"

"ಏಳು ಸೀಸೆ ಕೊಟ್ಟಿವ್ನಿ ಅಣ್ಣ," ಎಂದಳು. "ಗರಿ ಉದ್ರೋ ಕಾಲಕ್ಕೆ ಹಾಕಿ ಅಂತ ನಾನೇ ಹೇಳಿವ್ನಿ. ಈಗ ಅದೇ ಕಾಲ."

ಐದು ಮನೆಯವರು ಫೋನಿನಲ್ಲೇ ಸಿಕ್ಕರು, ಯಾರೂ ಇನ್ನೂ ಹಾಕಿರಲಿಲ್ಲ. ಭೀಮನಬೀಡಿನ ಮನೆಗೆ ತಾನೇ ಹೋಗಿ ಸೀಸೆ ವಾಪಸು ತಂದಳು. ಉಳಿದವನು ಉಮ್ಮತ್ತೂರಿನ ಚಿಕ್ಕಮಲ್ಲಪ್ಪ, ಅವನ ಫೋನು ಸ್ವಿಚ್ ಆಫ್. ಮಾರನೆಯ ದಿನ ರಜೆ ಹಾಕಿ ನಾನೂ ಆಕೆಯ ಜೊತೆ ಹೊರಟೆ. ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಉಮ್ಮತ್ತೂರು ಸೇರಿದಾಗ ಹನ್ನೊಂದು ಗಂಟೆ.

ಚಿಕ್ಕಮಲ್ಲಪ್ಪ ಗೂಡಿನ ಮುಂದೆಯೇ ಕೂತಿದ್ದ. ಗಂಡು ಹಕ್ಕಿ ಮೈ ಉಬ್ಬಿಸಿಕೊಂಡು ಮೂಲೆ ಹಿಡಿದಿತ್ತು. ಹೆಣ್ಣನ್ನು ಬೆಳಿಗ್ಗೆ ತೆಂಗಿನ ಬುಡದಲ್ಲಿ ಹೂತಿದ್ದನಂತೆ.

"ಬನ್ನಿ ಅಕ್ಕ," ಎಂದ. "ಔಷ್ದಿ ಹಾಕಿ ನಾಕ್ ದಿನಕ್ಕೆ ಮಂಕಾದ್ವು. ನೀವ್ ಕೊಟ್ಟಿದ್ದಲ್ವಾ, ವಾಸಿಯಾಗ್ಲಿ ಅಂತ ಎರಡ್ ಹನಿ ಜಾಸ್ತೀನೇ ಬುಟ್ಟೆ."

ಮೈಮುನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ಅದೇ ಕಣಪ್ಪ ಕೊಂದಿದ್ದು. ಇನ್ ಹಾಕ್ಬೇಡ."

ಅವನು ಬೈಯಲಿಲ್ಲ. ಸೀಸೆ ತಂದು ಆಕೆಯ ಕೈಗಿಟ್ಟು, "ನಿಮಗೇನ್ ಗೊತ್ತಿತ್ತು ಬುಡಿ ಅಕ್ಕ," ಎಂದ. ಗೊತ್ತಿರಬೇಕಾಗಿದ್ದವನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಫಾರಂ ತೆಗೆದು, ಸತ್ತವು ಮೂರು ಎಂದಿದ್ದನ್ನು ನಾಲ್ಕು ಎಂದು ತಿದ್ದಿದಳು. ಮಿಕ್ಕದ್ದೆಲ್ಲ ತುಂಬಿದ್ದಳು. ಕೊನೆಯ ಸಾಲು ಮಾತ್ರ ಖಾಲಿ ಇತ್ತು.

"ಅಲ್ಲಿ ಯಾಕೆ ಬರೀಲಿಲ್ಲ?" ಎಂದೆ.

"ನಿಮ್ ಹೆಸ್ರು ನಾನ್ ಬರೆದ್ರೆ ಚಾಡಿ ಆಯ್ತದೆ. ನನ್ ಹೆಸ್ರು ಬರೆದ್ರೆ ಸುಳ್ಳಾಯ್ತದೆ," ಎಂದಳು ಮೈಮುನಾ.

ಜೇಬಿನಿಂದ ಪೆನ್ನು ತೆಗೆದು, ಫಾರಂ ತೊಡೆಯ ಮೇಲಿಟ್ಟುಕೊಂಡು, ರಾಜಣ್ಣ, ದನದಾಸ್ಪತ್ರೆ, ಗುಂಡ್ಲುಪೇಟೆ ಎಂದು ಬರೆದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರವೆಲ್ಲ ಸೊಟ್ಟಗಾಯಿತು. ಓದೋಕಾಯ್ತದಾ ಎಂದು ಕೇಳಿದೆ.

ಆಕೆ ಫಾರಮನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಆಯ್ತದೆ ಅಣ್ಣ," ಎಂದಳು.