ನನ್ನ ಖಾತೆಗೆ ಬಂದ ಹೂವಿನ ಪರಿಹಾರ

ಭದ್ರಾವತಿಯ ಹೊರಗೆ ನಾಲೆಯ ಪಕ್ಕ ಅಪ್ಪ ಬಿಟ್ಟುಹೋದ ಒಂದೂವರೆ ಎಕರೆ ನನ್ನ ಹೆಸರಿನಲ್ಲಿದೆ. ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಸಂಸ್ಕೃತ ಕಲಿಸುವವಳು. ಅಲ್ಲಿ ಬೆಳೆ ತೆಗೆಯುತ್ತಿದ್ದವಳು ಬೇರೊಬ್ಬಳು. ಗಂಡನಿಗಿದ್ದ ಕಾರ್ಖಾನೆಯ ಕೆಲಸ ಹೋದ ಮೇಲೆ ಬಾಯಿಮಾತಿನಲ್ಲೇ ಗೇಣಿಗೆ ಕೇಳಿ, ಸುಗಂಧರಾಜದ ಗೆಡ್ಡೆ ಹಾಕಿದ್ದಳು. ಆರು ವರ್ಷ ಒಂದು ಮಾತು ಮೇಲೆ ಕೆಳಗೆ ಆಗಿರಲಿಲ್ಲ.

ಲಾಕ್‌ಡೌನ್ ಬಂತು. ದೇವಸ್ಥಾನಗಳಿಗೆ ಬೀಗ, ಮದುವೆಗಳೆಲ್ಲ ಮುಂದಕ್ಕೆ, ಹೂವಿನ ಮಾರ್ಕೆಟ್ ಬಂದ್.

"ಮೊಗ್ಗಲ್ಲೇ ಬಿಡಿಸ್ಬೇಕಮ್ಮಾ, ಅರಳಿದ್ರೆ ಮುಗೀತು. ಬಿಡಿಸಿ ಯಾರಿಗೆ ಕೊಡ್ಲಿ?" ಎಂದು ಫೋನಿನಲ್ಲಿ ಕೇಳಿದಳು. ದಿನಾ ಬಿಡಿಸಿ ನಾಲೆಯ ದಂಡೆಯಲ್ಲಿ ಸುರಿಯುತ್ತಿದ್ದಳಂತೆ.

ಅಷ್ಟರಲ್ಲಿ ಹೂ ಬೆಳೆದವರಿಗೆ ಸರ್ಕಾರ ಪರಿಹಾರ ಘೋಷಿಸಿತು. ಗಂಡನ ಜೊತೆ ಸ್ಕೂಟರಿನಲ್ಲಿ ಸವಳಂಗ ರಸ್ತೆಯ ನಮ್ಮ ಮನೆಗೆ ಬಂದವಳು ಗೇಟಿನಾಚೆಯೇ ನಿಂತಳು.

"ಜಮೀನಿನವರ ಒಪ್ಪಿಗೆ ಪತ್ರ ಬೇಕಂತೆ. ಈ ಹೂ ಬೆಳೆದಿರೋದು ಇವ್ಳೇ ಅಂತ ಬರೆದು ಸೈನ್ ಹಾಕ್ಕೊಡಿ ಸಾಕಮ್ಮಾ," ಎಂದಳು.

ಪೆನ್ನು ತರಲು ಒಳಗೆ ಹೋದೆ. ಎಲ್ಲ ಕೇಳಿಸಿಕೊಂಡಿದ್ದ ತಮ್ಮ ನನ್ನ ಕೈ ಹಿಡಿದ.

"ತಲೆ ಕೆಟ್ಟಿದ್ಯಾ ಮಾರಾಯ್ತಿ? ಗೇಯ್ತಿರೋದು ಅವ್ರು ಅಂತ ನೀನೇ ಬರೆದುಕೊಟ್ರೆ ನಾಳೆ ಜಮೀನು ನಮ್ದು ಅಂತ ಕೋರ್ಟಿಗೆ ಹೋಗ್ತಾರೆ. ದುಡ್ಡು ನಿನ್ನ ಖಾತೆಗೆ ಬರ್ಲಿ. ಆಮೇಲೆ ಕೊಡು, ಬೇಡ ಅಂದವ್ರು ಯಾರು?"

ಅವಳು ಹಾಗೆ ಮಾಡುವವಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೆದರಿದೆ. ಗೇಟಿಗೆ ಬಂದು ತಮ್ಮ ಹೇಳಿದ್ದನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವಳು ತಂದಿದ್ದ ಬಿಳಿ ಹಾಳೆಯನ್ನು ಮಡಚಿ ಬ್ಲೌಸಿನೊಳಗೆ ಸೇರಿಸಿಕೊಂಡಳು.

ಅರ್ಜಿಗೆ ಬೆಳೆಯ ನಡುವೆ ನಿಂತ ಫೋಟೋ ಬೇಕಿತ್ತು. ಹೋಗಿ ನಿಂತೆ. ನನ್ನ ಮೊಬೈಲ್ ಹಿಡಿದು ಫೋಟೋ ತೆಗೆದವಳು ಅವಳೇ.

"ಗಿಡ ಮುಟ್ಕೊಳ್ಳಿ ಅಮ್ಮಾ, ಬೆಳೆದವ್ರ ಥರ ಕಾಣ್ಲಿ," ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಹಣ ಬಂದ ಮರುದಿನವೇ ಬಸ್ಸು ಹತ್ತಿ ಹೋಗಿ ಅಷ್ಟನ್ನೂ ಅವಳ ಕೈಗಿಟ್ಟೆ. ಎಣಿಸದೆ ತೆಗೆದುಕೊಂಡಳು.

"ನೀವು ಮೋಸ ಮಾಡಲ್ಲ ಅಂತ ಗೊತ್ತಿತ್ತಮ್ಮಾ. ಆದ್ರೆ ಸರ್ಕಾರದ ಕಾಗದದಲ್ಲಿ ಒಂದ್ಸಲನಾದ್ರೂ ನನ್ನ ಹೆಸ್ರು ಬರುತ್ತೆ ಅಂದ್ಕೊಂಡಿದ್ದೆ."

ನಾನು ಮಳೆಯ ವಿಷಯ ತೆಗೆದೆ.

ಮರುವರ್ಷ ಎರಡನೇ ಅಲೆ ಬಂದು ಮತ್ತೆ ಎಲ್ಲ ಮುಚ್ಚಿತು, ಮತ್ತೆ ಪರಿಹಾರದ ಸುದ್ದಿ ಬಂತು. ಈ ಸಲ ತಮ್ಮನಿಗೆ ಹೇಳದೆ ಪತ್ರ ಬರೆದು, ಸಹಿ ಹಾಕಿ, ಬಸ್ಸುಗಳು ಓಡಲು ಶುರುವಾದ ಕೂಡಲೇ ಹೊರಟೆ. ಹೋಗಿ ನೋಡಿದರೆ ಸಾಲುಗಳೆಲ್ಲ ಅಗೆದು ಬಿದ್ದಿದ್ದವು. ಗಂಡ ಹೆಂಡತಿ ಗೆಡ್ಡೆಗಳನ್ನು ಮೂಟೆಗೆ ತುಂಬುತ್ತಿದ್ದರು. ಗಾಜನೂರಿನ ಹತ್ತಿರ ಯಾರೋ ಕರಾರು ಪತ್ರ ಮಾಡಿ ನೆಲ ಕೊಟ್ಟಿದ್ದರಂತೆ.

ಪತ್ರ ಕೊಟ್ಟೆ. ಮಣ್ಣಿನ ಕೈ ಸೀರೆಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಹೆಸರು ಬಂದಲ್ಲಿ ಸ್ವಲ್ಪ ನಿಂತಳು.

"ಹೋದ್ವರ್ಷ ಕೊಟ್ಟಿದ್ರೆ ಹೋಗ್ತಿರ್ಲಿಲ್ಲಮ್ಮಾ," ಎಂದು ವಾಪಸ್ ಕೊಟ್ಟಳು.

ಈಗ ಹಬ್ಬದ ಮುಂಚೆ ಶಿವಮೊಗ್ಗದ ಹೂವಿನ ಮಾರ್ಕೆಟ್ಟಿನಲ್ಲಿ ಒಮ್ಮೊಮ್ಮೆ ಸಿಗುತ್ತಾಳೆ. ಚೆನ್ನಾಗಿಯೇ ಮಾತಾಡಿಸುತ್ತಾಳೆ. ನನ್ನ ಪತ್ರವಿಲ್ಲದೆ ಆ ಎರಡನೇ ವರ್ಷದ ಪರಿಹಾರ ಅವಳಿಗೆ ಸಿಕ್ಕಿತೋ ಇಲ್ಲವೋ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.